ದೂರ ನಿಲ್ಲುವ ಧರ್ಮ

ಮನುಷ್ಯನು ಸಂಘಜೀವಿ ಎಂದು ಮೊದಲು ಹೇಳಿದ ಮಹಾನುಭಾವನು ತನ್ನ ಸಂಘದ ಸಮಸ್ತ ಸದಸ್ಯರೊಡನೆ ಒಂದೇ ಸೂರಿನ ಕೆಳಗೆ, ಹೊರಗೆ ಹೋಗುವ ದಾರಿಯಿಲ್ಲದೆ, ಎರಡು ತಿಂಗಳು ಇದ್ದವನಲ್ಲವೆಂದು ತೋರುತ್ತದೆ. ಇದ್ದಿದ್ದರೆ ಆ ಮಾತಿಗೆ ಒಂದು ಅಡಿಟಿಪ್ಪಣಿಯನ್ನಾದರೂ ಸೇರಿಸದೆ ಬಿಡುತ್ತಿರಲಿಲ್ಲ. ನಮಗೆ ಆ ಅನುಭವ 2020ನೆಯ ಇಸವಿಯಲ್ಲಿ ಒದಗಿತು. ಮಾರ್ಚ್ 25ರಿಂದ ಮೇ ತಿಂಗಳ ಕೊನೆಯವರೆಗೆ, ಎಣಿಸಿದರೆ ಅರವತ್ತೆಂಟು ದಿನ, ದೇಶವೇ ಬಾಗಿಲು ಹಾಕಿಕೊಂಡಿತು. ಮನೆಯ ಹೊರಗಿನವರ ಹತ್ತಿರ ಹೋಗಬಾರದು, ಮನೆಯ ಒಳಗಿನವರಿಂದ ದೂರ ಹೋಗಬಾರದು. ಈ ಎರಡು ಶಿಕ್ಷೆಗಳಲ್ಲಿ ಯಾವುದು ಹೆಚ್ಚು ಕಠಿಣವೆಂಬುದನ್ನು ಆಯಾ ಸಂಸಾರದವರೇ ಹೇಳಬೇಕು.

ನಾನು ಹೇಳಹೊರಟಿರುವುದು ರೋಗದ ವಿಷಯವನ್ನಲ್ಲ. ಅದನ್ನು ವೈದ್ಯರು ಹೇಳಿದ್ದಾರೆ, ವೈದ್ಯರಲ್ಲದವರು ಇನ್ನೂ ಹೆಚ್ಚಾಗಿ ಹೇಳಿದ್ದಾರೆ. ಆ ದಿನಗಳಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಎದ್ದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನಿಂದ ದೂರ ನಿಲ್ಲುವುದು ಯಾವಾಗ ಪ್ರೀತಿ, ಯಾವಾಗ ಅವಮಾನ? ಅಳತೆ ಒಂದೇ, ಆರು ಅಡಿ. ಅಳೆಯುವ ಮೊಳವೂ ಒಂದೇ. ಆದರೂ ಇವೆರಡೂ ಒಂದೇ ಅಲ್ಲವೆಂದು ಮನಸ್ಸು ಹೇಳುತ್ತದೆ. ಮನಸ್ಸು ಹೇಳಿದ್ದಕ್ಕೆ ಕಾರಣ ಹುಡುಕಹೊರಟರೆ ಮಾತ್ರ ದಾರಿ ಅಷ್ಟು ಸಲೀಸಾಗಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಜನಕ್ಕೆ ರೋಗದ ಭಯ ಹೊಸದೇನೂ ಅಲ್ಲ. ಕಳೆದ ಶತಮಾನದ ನಡುವಿನವರೆಗೂ ಈ ಸೀಮೆಯ ಕಾಡುಗಳು ಮಲೇರಿಯಾಕ್ಕೆ ಹೆಸರಾಗಿದ್ದವು. ಘಟ್ಟದ ಮೇಲೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಿದ್ದರು. ಹಿರಿಯರು ಡಿಡಿಟಿಯ ಪಂಪನ್ನು ದೇವರ ಉತ್ಸವಮೂರ್ತಿಯೋ ಎಂಬಂತೆ ನೆನೆಯುತ್ತಿದ್ದರು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಸಿದ್ದಾಪುರದ ಕಡೆ ಇಂದಿಗೂ ಬೇಸಗೆಯ ಹೊಸಿಲಲ್ಲಿ ಬಂದು ನಿಲ್ಲುವ ಅತಿಥಿ. ಮಂಗ ಸತ್ತಿತೆಂದರೆ ಊರು ಹುಷಾರಾಗುತ್ತದೆ, ದರಕು ಗುಡಿಸಲು ಹೋಗುವವರು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಇನ್ನು ಶಿರಸಿಯ ಅಧಿದೇವತೆಯಾದರೋ ಸಾಕ್ಷಾತ್ ಮಾರಿ! ಜಗತ್ತಿನ ಬೇರೆ ಊರುಗಳು ಸಾಂಕ್ರಾಮಿಕ ರೋಗವನ್ನು ಕಂಡರೆ ಓಡುತ್ತವೆ. ನಾವು ಅದರ ಒಡತಿಗೆ ಗುಡಿ ಕಟ್ಟಿ, ಸೀರೆ ಉಡಿಸಿ, ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿಗೆ ಕರೆತಂದು ಕೂರಿಸಿ ಜಾತ್ರೆ ಮಾಡುತ್ತೇವೆ. 2020ರ ಜಾತ್ರೆ ನಡೆದದ್ದು ಮಾರ್ಚ್ ತಿಂಗಳ ಮೊದಲ ಭಾಗದಲ್ಲಿ. ಬಳೆ ಅಂಗಡಿ, ನಾಟಕದ ಟೆಂಟು, ತೊಟ್ಟಿಲು, ಲಕ್ಷಾಂತರ ಜನ, ಒಬ್ಬರ ಉಸಿರು ಒಬ್ಬರ ಕುತ್ತಿಗೆಗೆ ತಾಗುವಂಥ ನೂಕುನುಗ್ಗಲು. ಅದಾದ ಎರಡು ವಾರಕ್ಕೆ ಅದೇ ಬೀದಿಯಲ್ಲಿ ಒಂದು ನಾಯಿ ಅಡ್ಡ ಮಲಗಿ ನಿದ್ದೆ ಮಾಡಬಹುದಾಗಿತ್ತು. ದೇಶದಲ್ಲಿ ಈ ರೋಗದ ಮೊದಲ ಸಾವೆಂದು ದಾಖಲಾದದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ, ಆ ಮಾರ್ಚ್ ತಿಂಗಳಲ್ಲೇ.

ಹಾಗಾಗಿ ಭಯ ಹಳೆಯದು. ಹೊಸದಾಗಿದ್ದದ್ದು ಭಯಪಡಬೇಕಾದ ವಸ್ತು. ಮಲೇರಿಯಾಕ್ಕೆ ಸೊಳ್ಳೆಗೆ ಹೆದರಬೇಕು, ಮಂಗನ ಕಾಯಿಲೆಗೆ ಉಣುಗಿಗೆ ಹೆದರಬೇಕು. ಈ ಸಲ ಹೆದರಬೇಕಾದದ್ದು ಭಾವನಿಗೆ, ಅತ್ತಿಗೆಗೆ, ಮೊಮ್ಮಗನಿಗೆ. ಸೊಳ್ಳೆಗೆ ಹೆದರಿದರೆ ಸೊಳ್ಳೆಗೆ ಬೇಸರವಿಲ್ಲ.

ನಮ್ಮ ಕಡೆಯ ಮನೆಯ ಜಗಲಿಯನ್ನು ನೋಡಿದವರಿಗೆ ಈ ಸಂಕಟ ಕೂಡಲೇ ಅರ್ಥವಾದೀತು. ಜಗಲಿಯ ಮಧ್ಯದಲ್ಲಿ ಕವಳದ ತಬಕು ಇರುತ್ತದೆ. ಬಂದವನು ಮಿತ್ರನಾಗಲಿ, ಸಾಲಗಾರನಾಗಲಿ, ಕೋರ್ಟಿನಲ್ಲಿ ನಮ್ಮ ಮೇಲೆ ದಾವೆ ಹಾಕಿದ ದಾಯಾದಿಯೇ ಆಗಲಿ, ಮೊದಲು ಕಾಲು ತೊಳೆಯಲು ನೀರು, ಆಸರಿಗೆ ಒಂದು ಚೂರು ಬೆಲ್ಲವೋ ಮಜ್ಜಿಗೆಯೋ, ಆಮೇಲೆ ತಬಕು. ಎಲೆ ಒಬ್ಬರದು, ಅಡಿಕೆ ಇನ್ನೊಬ್ಬರದು, ಸುಣ್ಣದ ಡಬ್ಬಿ ಸರ್ವರದು. ಒಂದೇ ಡಬ್ಬಿಯಲ್ಲಿ ಹತ್ತು ಬೆರಳು ಆಡುತ್ತವೆ. ಕವಳ ಹಾಕದವನ ಜೊತೆ ಮಾತು ಬೆಳೆಯುವುದು ಕಷ್ಟ, ಕವಳ ಹಾಕಿದವನ ಮಾತು ಅರ್ಥವಾಗುವುದು ಕಷ್ಟ. ಇಂಥ ಸಂಸ್ಕೃತಿಯ ಮೇಲೆ ಮುಖಗವುಸು ಎಂಬುದು ಬಂದು ಬಿದ್ದಿತು. ಬಾಯಿ ಮುಚ್ಚಬೇಕು, ಉಗುಳಬಾರದು, ಒಬ್ಬರು ಮುಟ್ಟಿದ್ದನ್ನು ಒಬ್ಬರು ಮುಟ್ಟಬಾರದು. ಕವಳಕ್ಕೆ ಮರಣಶಾಸನ ಬರೆಯಲು ಇದಕ್ಕಿಂತ ಹೆಚ್ಚಿನ ಕಲಮುಗಳು ಬೇಕಿಲ್ಲ. ನನ್ನ ಅಣ್ಣನು ಕೆಲವು ದಿನ ಮುಖಗವುಸನ್ನು ಗಲ್ಲದ ಕೆಳಗೆ ಇಳಿಸಿಕೊಂಡು ಕವಳ ಹಾಕಿ, ಅದನ್ನು ಮತ್ತೆ ಮೇಲೇರಿಸಿಕೊಂಡು, ಉಗುಳಬೇಕಾದಾಗ ಮರೆತು ಫಜೀತಿಪಟ್ಟದ್ದನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ. ಅವನು ಈ ಪುರವಣಿಯನ್ನು ತಪ್ಪದೆ ಓದುತ್ತಾನೆ.

ಮಾರ್ಚ್ 22ರ ಸಂಜೆ ಐದು ಗಂಟೆಗೆ ತಟ್ಟೆ ಬಡಿಯಬೇಕೆಂದು ಪ್ರಧಾನಿಯವರು ಹೇಳಿದಾಗ ಊರ ಮನೆಗಳಲ್ಲೆಲ್ಲ ಜಾಗಟೆ ಬಾರಿಸಿದರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಎರಡು ಅಡಿಕೆ ತೋಟ, ಒಂದು ಬೆಟ್ಟ, ಒಂದು ಹಳ್ಳ. ಯಾರ ಜಾಗಟೆಯೂ ಯಾರಿಗೂ ಕೇಳಲಿಲ್ಲ. ಕೊಟ್ಟಿಗೆಯ ಎಮ್ಮೆ ಮಾತ್ರ ಎರಡು ಹೊತ್ತು ಹಾಲು ಬಿಗಿಹಿಡಿಯಿತು. ಅಂತರ ಕಾಯ್ದುಕೊಳ್ಳಿ ಎಂಬ ಉಪದೇಶವನ್ನು ನಮ್ಮ ಪೂರ್ವಿಕರು ಮನೆ ಕಟ್ಟುವಾಗಲೇ ಪಾಲಿಸಿಬಿಟ್ಟಿದ್ದರು.

ಏಪ್ರಿಲ್ ಕಳೆಯುತ್ತಲೇ ಬೆಂಗಳೂರಿನಿಂದ ಮಕ್ಕಳು ಊರಿಗೆ ಬರತೊಡಗಿದರು. ಇದೊಂದು ವಿಚಿತ್ರ ದೃಶ್ಯ. ಇಪ್ಪತ್ತು ವರ್ಷಗಳಿಂದ ಈ ಮೂರು ತಾಲ್ಲೂಕಿನ ಮನೆಗಳು ಖಾಲಿಯಾಗುತ್ತ ಬಂದು, ಹತ್ತು ಕೋಣೆಯ ಮನೆಯಲ್ಲಿ ಇಬ್ಬರು ಮುದುಕರು ಒಂದು ಟೆಲಿವಿಷನ್ನಿನೊಡನೆ ಉಳಿದುಕೊಂಡಿದ್ದರು. ಮಕ್ಕಳು ಬರಲಿಲ್ಲವೆಂದು ಕೊರಗಿದ್ದರು. ಈಗ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಒಮ್ಮೆಲೇ ಬಂದು ಇಳಿದರು. ಒಂದು ತಿಂಗಳಿಗೆ, ಯಾವಾಗ ಹೋಗುತ್ತಾರೋ ಎಂದು ಮುದುಕರು ಕೊರಗತೊಡಗಿದರು ಎಂದರೆ ನನ್ನನ್ನು ಕಠಿಣನೆಂದು ತಿಳಿಯಬಾರದು. ಸೊಸೆಗೆ ಹನ್ನೊಂದು ಗಂಟೆಗೆ ಸಭೆ, ಅತ್ತೆಗೆ ಹನ್ನೊಂದು ಗಂಟೆಗೆ ಒಗ್ಗರಣೆ. ಅಮೆರಿಕೆಯ ಸಾಹೇಬನ ಕಿವಿಗೆ ಮೆಣಸಿನಕಾಯಿಯ ಚಟಪಟ ಶಬ್ದವೂ ಅದರ ಹಿಂದೆ ಒಂದು ಸೀನೂ ಹೋದವು. ಆ ಕಾಲದಲ್ಲಿ ಸೀನು ಎಂಬುದು ಎಷ್ಟು ಗಂಭೀರವಾದ ವಿಷಯ! ಸಾಹೇಬನು ಸಭೆ ನಿಲ್ಲಿಸಿ ಆರೋಗ್ಯ ವಿಚಾರಿಸಿದನಂತೆ. ಮನೆಯೊಳಗೆ ನೆಟ್‌ವರ್ಕ್ ಸಿಗದ ಹುಡುಗರು ಸೊಪ್ಪಿನ ಬೆಟ್ಟದ ನೆತ್ತಿಯ ಮೇಲೆ ತಾಡಪಾಲು ಕಟ್ಟಿ, ಕುರ್ಚಿ ಹಾಕಿ ಕಚೇರಿ ತೆರೆದರು. ಹಿಂದೆ ಋಷಿಗಳು ಬೆಟ್ಟ ಹತ್ತುತ್ತಿದ್ದದ್ದು ಲೋಕದ ಸಂಪರ್ಕ ಕಡಿಯಲೆಂದು, ಇವರು ಹತ್ತಿದ್ದು ಲೋಕದ ಸಂಪರ್ಕ ಸಿಗಲೆಂದು.

ಅದಿರಲಿ. ಅಣ್ಣನ ಮಗ ಬಂದದ್ದು ಮೇ ತಿಂಗಳ ಮೊದಲ ವಾರದಲ್ಲಿ, ಪಾಸು ಮಾಡಿಸಿಕೊಂಡು, ಕಾರಿನಲ್ಲಿ, ಒಬ್ಬನೇ. ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ಆಯಿ ಇದ್ದಾಳೆ. ಅವನನ್ನು ಹದಿನಾಲ್ಕು ದಿನ ಬೇರೆ ಇರಿಸಬೇಕೆಂದು ಸರ್ಕಾರ ಕೇಳಲಿಲ್ಲ, ಅಣ್ಣ ಕೇಳಿದ. ಅಡಿಕೆ ಸುಲಿಯುವ ಚಪ್ಪರದ ಪಕ್ಕದ ಕೋಣೆಯನ್ನು ಗುಡಿಸಿ, ಮಂಚ ಹಾಕಿ, ವಿದ್ಯುದ್ದೀಪ ಸರಿಪಡಿಸಿ ಕೊಟ್ಟದ್ದಾಯಿತು. ಹೊತ್ತುಹೊತ್ತಿಗೆ ಊಟವನ್ನು ಹೊಸಿಲ ಹೊರಗೆ ಇಟ್ಟು, ಒಂದು ಕೂಗು ಹಾಕಿ, ಇಟ್ಟವರು ಹಿಂದೆ ಸರಿಯುವುದು. ಅವನು ಬಂದು ತೆಗೆದುಕೊಳ್ಳುವುದು. ಉಂಡಮೇಲೆ ತಟ್ಟೆ ಲೋಟಗಳನ್ನು ತಾನೇ ತೊಳೆದು ಸೂರಿನ ಕೆಳಗಿನ ಕಟ್ಟೆಯ ಮೇಲೆ ಬೋರಲು ಹಾಕುವುದು. ತಂದೆ ಅಂಗಳದ ಈಚೆ, ಮಗ ಅಂಗಳದ ಆಚೆ ಕುಳಿತು ಸಂಜೆಹೊತ್ತು ಅಡಿಕೆ ದರವನ್ನು ಚರ್ಚಿಸುವರು. ಅಷ್ಟು ಹೊತ್ತು ಅವರಿಬ್ಬರೂ ಮಾತನಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹತ್ತಿರ ಕುಳಿತರೆ ಜಗಳವಾಗುತ್ತಿದ್ದ ಮಾತುಗಳು ಇಪ್ಪತ್ತು ಅಡಿ ದಾಟಿ ಬರುವಷ್ಟರಲ್ಲಿ ತಣ್ಣಗಾಗುತ್ತಿದ್ದವೋ ಏನೋ.

ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೋವರ್ 1851ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮುಳ್ಳುಹಂದಿಗಳ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಚಳಿಗಾಲದಲ್ಲಿ ಮುಳ್ಳುಹಂದಿಗಳು ಬೆಚ್ಚಗಾಗಲೆಂದು ಒಂದನ್ನೊಂದು ಒತ್ತಿಕೊಳ್ಳುತ್ತವೆ. ಮುಳ್ಳು ಚುಚ್ಚುತ್ತದೆ, ಸರಿಯುತ್ತವೆ. ಚಳಿಯಾಗುತ್ತದೆ, ಮತ್ತೆ ಒತ್ತುತ್ತವೆ. ಹೀಗೆ ಹೋಗಿಬಂದು ಕೊನೆಗೆ ಚಳಿಯನ್ನೂ ಚುಚ್ಚುವಿಕೆಯನ್ನೂ ಸಹಿಸಬಹುದಾದ ಒಂದು ಅಂತರವನ್ನು ಕಂಡುಕೊಳ್ಳುತ್ತವೆ. ಮನುಷ್ಯರು ಇದನ್ನೇ ಸಭ್ಯತೆಯೆಂದು ಕರೆಯುತ್ತಾರೆಂಬುದು ಅವನ ತಾತ್ಪರ್ಯ. ಕೂಡುಕುಟುಂಬದಲ್ಲಿ ಬೆಳೆದವನಿಗೆ ಈ ದೃಷ್ಟಾಂತ ಬಹಳ ಹಿಡಿಸುತ್ತದೆ. ಆದರೆ ಒಂದು ತೊಡಕಿದೆ. ಅವನ ಮುಳ್ಳುಹಂದಿಗಳಿಗೆಲ್ಲ ಮುಳ್ಳು ಸಮನಾಗಿದೆ, ಚಳಿಯೂ ಸಮನಾಗಿದೆ. ಎಲ್ಲವೂ ಕೂಡಿ ಅಂತರವನ್ನು ಗೊತ್ತುಮಾಡುತ್ತವೆ. ನಮ್ಮ ಊರಿನ ಅಂತರಗಳನ್ನು ಗೊತ್ತುಮಾಡಿದವರು ಯಾರು? ಮುಳ್ಳು ಯಾರದು, ಚಳಿ ಯಾರದು?

ಈ ತೊಡಕು ಹೊರಬಿದ್ದದ್ದು ಅಣ್ಣನ ಒಂದು ಸಿದ್ಧಾಂತದಿಂದ. ಹೊರಗಿನಿಂದ ಬಂದರೆ ಕೈಕಾಲು ತೊಳೆಯಬೇಕು, ಪೇಟೆಗೆ ಹೋಗಿಬಂದರೆ ಸ್ನಾನ ಮಾಡಬೇಕು, ಬಟ್ಟೆ ಬೇರೆ ಇಡಬೇಕು, ಸಿಕ್ಕಿದವರನ್ನು ಮುಟ್ಟಬಾರದು, ಕೈಕುಲುಕದೆ ನಮಸ್ಕಾರ ಮಾಡಬೇಕು ಎಂದು ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಅಣ್ಣ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, "ನೋಡು ತಮ್ಮಾ, ನಮ್ಮ ಅಜ್ಜಂದಿರು ಮಡಿ ಎಂದದ್ದು ಇದನ್ನೇ. ನಾವು ನಕ್ಕೆವು. ಈಗ ಇಡೀ ಜಗತ್ತು ಮಡಿ ಉಟ್ಟಿದೆ" ಎಂದ. ಆ ವರ್ಷ ಈ ಸಿದ್ಧಾಂತವನ್ನು ಮಂಡಿಸದ ಜಗಲಿ ನಮ್ಮ ಸೀಮೆಯಲ್ಲಿ ಇರಲಾರದು. ವಾಟ್ಸಾಪಿನಲ್ಲಂತೂ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಅಣ್ಣನ ಮಾತನ್ನು ಪೂರಾ ತಳ್ಳಿಹಾಕುವಂತಿಲ್ಲ. ಹೊರಗಿನಿಂದ ಬಂದವರು ಕಾಲು ತೊಳೆಯಲೆಂದು ಅಂಗಳದಲ್ಲಿ ನೀರಿಟ್ಟವರು ಮೂರ್ಖರಲ್ಲ. ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಜನರಿಗೂ ಅಂತರದ ಅರ್ಥ ತಿಳಿದಿತ್ತು. ಆದರೆ ಒಂದು ಆಚಾರವನ್ನು ವಿಜ್ಞಾನವೆಂದು ಒಪ್ಪಬೇಕಾದರೆ ಅದು ತನ್ನ ಕಾರಣಕ್ಕೆ ನಿಷ್ಠವಾಗಿರಬೇಕು. ಮಡಿಯ ಕೈ ನೀರಿನಿಂದ ಶುದ್ಧವಾಗುತ್ತದೆ ಸರಿ. ಮುಟ್ಟಿಸಿಕೊಳ್ಳಬಾರದವನು ಮೂರು ಹೊತ್ತು ಮಿಂದು ಬಂದರೆ ಶುದ್ಧನಾಗುತ್ತಾನೆಯೇ? ಸಾಬೂನಿಗೆ ಜಾತಿ ತಿಳಿಯದು, ಮಡಿಗೆ ತಿಳಿಯುತ್ತದೆ. ಹದಿನಾಲ್ಕು ದಿನದ ಪ್ರತ್ಯೇಕತೆ ಹದಿನೈದನೆಯ ದಿನ ಮುಗಿಯುತ್ತದೆ. ಇನ್ನೊಂದು ಪ್ರತ್ಯೇಕತೆಗೆ ಹದಿನೈದನೆಯ ದಿನವೇ ಇಲ್ಲ. ನಾನು ಇಷ್ಟನ್ನು ಹೇಳಿದೆ. ಅಣ್ಣ ಒಪ್ಪಲಿಲ್ಲ. ಅಣ್ಣಂದಿರು ಒಪ್ಪುವುದು ರೂಢಿಯಲ್ಲಿಲ್ಲ.

ನನ್ನ ತರ್ಕಕ್ಕಿಂತ ಚೆನ್ನಾಗಿ ಮಾತನಾಡಿದವಳು ಆಯಿ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಮೊಮ್ಮಗ ಅಂಗಳದಾಚೆಯಿಂದ, ಇದು ಜೈಲು, ಒಬ್ಬರೂ ಹತ್ತಿರ ಬರುವುದಿಲ್ಲ, ನಾಯಿಗೆ ಹಾಕಿದ ಹಾಗೆ ಊಟ ಇಟ್ಟುಹೋಗುತ್ತಾರೆ, ತನಗೆ ತಲೆ ಕೆಡುತ್ತಿದೆ ಎಂದು ರಗಳೆ ಮಾಡಿದ. ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದ ಆಯಿ ತಲೆಯೆತ್ತದೆ ಕೇಳಿದಳು: "ಹದಿನಾಲ್ಕು ದಿನಕ್ಕೇ ಇಷ್ಟು ರಗಳೆಯಾ ಅಪ್ಪಿ? ಆನು ಎಷ್ಟು ದಿನ ಕೂತಿದ್ದಿ, ಲೆಕ್ಕ ಮಾಡು." ಹುಡುಗನಿಗೆ ಅರ್ಥವಾಗಲಿಲ್ಲ. ಜಗಲಿಯ ಮೇಲಿದ್ದ ನಮಗೆ ಅರ್ಥವಾಯಿತು. ತಿಂಗಳಿಗೆ ಮೂರು ದಿನ, ವರ್ಷಕ್ಕೆ ಮೂವತ್ತಾರು, ಮೂವತ್ತೈದು ವರ್ಷ. 1260 ದಿನ. ಹದಿನಾಲ್ಕರಿಂದ ಭಾಗಿಸಿದರೆ ಸರಿಯಾಗಿ ತೊಂಬತ್ತು ಸಲ. ಬಸುರಿ ಬಾಣಂತಿಯ ತಿಂಗಳುಗಳನ್ನು ಕಳೆಯಿರಿ, ಎಪ್ಪತ್ತು ಸಲವೆನ್ನಿ. ಇದೇ ಚಪ್ಪರದ ಪಕ್ಕದಲ್ಲಿ, ಮಂಚವಿಲ್ಲದೆ, ದೀಪವಿಲ್ಲದೆ, ಹೊಸಿಲ ಹೊರಗೆ ಇಟ್ಟುಹೋದ ಅನ್ನವನ್ನು ಉಂಡು. ಯಾವ ರೋಗವೂ ಇಲ್ಲದೆ. ಅದನ್ನು ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಹಾಲಿನ ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು. ಅಣ್ಣ ಎದ್ದು ತೋಟದ ಕಡೆಗೆ ಹೋದ. ಆ ಹೊತ್ತಿನಲ್ಲಿ ತೋಟದಲ್ಲಿ ಅವನಿಗೆ ಕೆಲಸವಿರಲಿಲ್ಲ.

ಸೂರಿನ ಕೆಳಗಿನ ಕಟ್ಟೆಯ ಮೇಲೆ ಮಗನ ಲೋಟ ಬೋರಲು ಬೀಳುತ್ತಿತ್ತೆಂದೆನಲ್ಲ, ಅದೇ ಸೂರಿನ ಸಂದಿಯಲ್ಲಿ ಇನ್ನೊಂದು ಗಾಜಿನ ಲೋಟ ಮುಂಚಿನಿಂದ ಇತ್ತು. ತೋಟಕ್ಕೆ ಕೆಲಸಕ್ಕೆ ಬರುವವನದು. ಚಹಾ ಕುಡಿದು, ತಾನೇ ತೊಳೆದು, ಅಲ್ಲೇ ಸಿಕ್ಕಿಸಿ ಹೋಗುವುದು ಅವನ ತಂದೆಯ ಕಾಲದಿಂದ ಬಂದ ಪದ್ಧತಿ. ಆ ಹದಿನಾಲ್ಕು ದಿನ ಎರಡು ಲೋಟಗಳೂ ಅಕ್ಕಪಕ್ಕದಲ್ಲಿದ್ದವು. ಒಂದು ದಿನ ಅವನು ಕೂಲಿ ತೆಗೆದುಕೊಳ್ಳಲು ಬಂದಾಗ ಅಣ್ಣ ಮುಖಗವುಸಿನ ಒಳಗಿನಿಂದ, ಇನ್ನು ಮೇಲೆ ದೂರ ನಿಂತೇ ಮಾತನಾಡಬೇಕು, ತಪ್ಪು ತಿಳಿಯಬೇಡ, ಕಾಲ ಹೀಗಿದೆ ಎಂದು ಬಹಳ ವಿನಯದಿಂದ ವಿವರಿಸಿದ. ಅವನು ಇದ್ದಲ್ಲಿಯೇ ಇದ್ದ. "ಅಲ್ಲ ಹೆಗಡೇರೆ, ನಾನು ದಿನಾ ನಿಲ್ಲುವುದೇ ಇಲ್ಲಲ್ಲವಾ? ಇನ್ನು ಎಷ್ಟು ಹಿಂದೆ ಹೋಗಲಿ?" ಎಂದ. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಜಾಗ ಕೇಳಿದ. ಅವನ ಹಿಂದೆ ಎರಡು ಹೆಜ್ಜೆಗೆ ಗೊಬ್ಬರದ ಗುಂಡಿಯಿತ್ತು.

ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಮಾಡಿ ಎಪ್ಪತ್ತು ವರ್ಷವಾಗಿತ್ತು. ಗಾಂಧೀಜಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದದ್ದು 1934ರಲ್ಲಿ. ಮಾರಿಕಾಂಬೆಗೆ ಕೋಣನ ಬಲಿ ನಿಂತದ್ದೂ ಆ ಕಾಲದಲ್ಲೇ. ಕೋಣನಿಗೆ ಬಿಡುಗಡೆಯಾದಷ್ಟು ಬೇಗ ಲೋಟಕ್ಕೆ ಆಗಲಿಲ್ಲ. ರೋಗದ ಮೊದಲ ತಿಂಗಳಲ್ಲಿ 'ಸಾಮಾಜಿಕ ಅಂತರ' ಎಂಬ ಮಾತು ಎಲ್ಲೆಲ್ಲೂ ಕೇಳಿತು. ವಿಶ್ವ ಆರೋಗ್ಯ ಸಂಸ್ಥೆ ಆ ಮಾರ್ಚಿನಲ್ಲೇ ಅದನ್ನು ತಿದ್ದಿ, ಬೇಕಾದದ್ದು ದೈಹಿಕ ಅಂತರ, ಸಮಾಜದಿಂದ ದೂರವಾಗುವುದಲ್ಲ ಎಂದಿತು. ನಮ್ಮ ಕಡೆ ಹಳೆಯ ಮಾತೇ ನಿಂತಿತು. ನಮಗೆ ಅದು ಹೆಚ್ಚು ಪರಿಚಿತವಾಗಿತ್ತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ತೋಟದ ಮಾತಿನಲ್ಲಿ ಹೇಳುವುದಾದರೆ, ಕೊಳೆರೋಗಕ್ಕೆ ಹೆದರಿ ಹಿಂದೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಮೊದಲು ಕರಡದ್ದು, ಆಮೇಲೆ ಪ್ಲಾಸ್ಟಿಕಿನದು. ಅಡಿಕೆಯ ಮುಖಗವುಸು ಎನ್ನಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸಮಾಡಿ ಬೋರ್ಡೋ ದ್ರಾವಣ ಹೊಡೆಯಬೇಕೆಂದ ಮೇಲೆ ಮೈಲುತುತ್ತು ಸುಣ್ಣ ಬಂದವು. ಕೊಟ್ಟೆ ಕಟ್ಟುವಾಗ ಯಾವ ಬೆಳೆಗಾರನೂ ಈ ಕೊನೆ ಕೀಳು, ಇದನ್ನು ಮುಚ್ಚೋಣ ಎನ್ನುವುದಿಲ್ಲ. ಮುಚ್ಚುವುದು ಅದು ಬೆಲೆಯುಳ್ಳದ್ದೆಂದು. ಮದ್ದು ಹೊಡೆಯುವುದಾದರೂ ರೋಗ ಕಂಡ ಮರಕ್ಕಲ್ಲ, ಎಲ್ಲ ಮರಕ್ಕೂ. ಅಂಗಳದಾಚೆ ಕುಳಿತ ಮಗನಿಗೆ ಹಾಕಿದ ಅಂತರ ಇಂಥದು. ಎರಡು ಕಡೆಯವರೂ ಅದರ ಬೆಲೆ ತೆತ್ತರು. ಅಣ್ಣ ರಾತ್ರಿ ಎರಡು ಸಲ ಎದ್ದು ಬ್ಯಾಟರಿ ಹಿಡಿದು ಆ ಕೋಣೆಯ ಕಿಟಕಿಯವರೆಗೆ ಹೋಗಿ, ಮಗನ ಉಸಿರಿನ ಸಪ್ಪಳ ಆಲಿಸಿ ಬರುತ್ತಿದ್ದ. ಇನ್ನೊಂದು ಅಂತರದಲ್ಲಿ ದೂರ ನಿಲ್ಲಿಸಿದವನಿಗೆ ನಿದ್ದೆ ಕೆಡುವುದಿಲ್ಲ.

ಇಷ್ಟಕ್ಕೇ ಗೆದ್ದೆನೆಂದು ತಿಳಿಯುವಂತಿಲ್ಲ. ಒಳ್ಳೆಯ ಅಂತರ ಕೆಟ್ಟ ಅಂತರವಾಗಲು ಒಂದು ರಾತ್ರಿ ಸಾಕು. ಆ ಬೇಸಗೆಯಲ್ಲಿ ಹಳ್ಳಿಗಳ ದಾರಿಗೆ ಮುಳ್ಳು ಎಳೆದರು, ಮರ ಅಡ್ಡ ಹಾಕಿದರು. ಮುಂಬಯಿಯಿಂದ ನಡೆದು ಬಂದವನನ್ನು ಊರ ಹೊರಗಿನ ಶಾಲೆಯಲ್ಲಿ ಇರಿಸಿದರು. ಹದಿನಾಲ್ಕು ದಿನ ಮುಗಿದ ಮೇಲೂ ಅವನ ಅಂಗಡಿಗೆ ಜನ ಹೋಗಲಿಲ್ಲ. ನಮ್ಮ ಜಿಲ್ಲೆಯ ಮೊದಲ ರೋಗಿಗಳು ಭಟ್ಕಳದಲ್ಲಿ ಕಂಡರೆಂಬ ಕಾರಣಕ್ಕೆ ಕೆಲವು ವಾರ ಆ ಊರಿನ ಹೆಸರೇ ರೋಗದ ಹೆಸರಾಗಿತ್ತು. ಮನೆಮನೆಗೆ ಬಂದು ಜ್ವರ ಕೇಳುತ್ತಿದ್ದ ಆಶಾ ಕಾರ್ಯಕರ್ತೆಗೆ ಕುಡಿಯಲು ನೀರು ಕೊಡದ ಜಗಲಿಗಳಿದ್ದವು. ಅವಳು ಬರುತ್ತಿದ್ದದ್ದು ಯಾರ ಹಿತಕ್ಕೆ? ಭಯಕ್ಕೆ ಮಡಿಯ ಹಾಸು ಸಿದ್ಧವಾಗಿಯೇ ಇತ್ತು, ಬಂದು ಕುಳಿತಿತು.

ಮದುವೆಗಳ ಕಥೆಯನ್ನು ಬಿಟ್ಟರೆ ಓದುಗರು ಕ್ಷಮಿಸಲಾರರು. ಐವತ್ತೇ ಜನ ಎಂದು ಸರ್ಕಾರ ಹೇಳಿತು. ನಮ್ಮಲ್ಲಿ ಹೆಣ್ಣಿನ ಸೋದರಮಾವಂದಿರು, ಅವರ ಹೆಂಡಂದಿರು, ಅಡಿಗೆ ಭಟ್ಟರು ಸೇರಿದರೇ ಐವತ್ತಾಗುತ್ತದೆ, ವರನಿಗೆ ಜಾಗವಿರುವುದಿಲ್ಲ. ಕರೆಯಲು ಬಂದವರು, "ಕರೆದಿದ್ದೇವೆ ಎಂದು ತಿಳಿಯಿರಿ, ಬರಬೇಡಿ" ಎಂದು ಕೈಮುಗಿದರು. ಕರೆಯದಿದ್ದರೆ ಸಿಟ್ಟು ಮಾಡುತ್ತಿದ್ದವರೇ ಕರೆದರೆ ಹೆದರಿದರು. ಸಾಲ ಮಾಡದೆ ಮಗಳ ಮದುವೆ ಮಾಡಿ ಮುಗಿಸಿದ ಎಷ್ಟೋ ತಂದೆಯರು ಒಳಗೊಳಗೇ ಆ ರೋಗಕ್ಕೆ ಕೃತಜ್ಞರಾಗಿದ್ದಾರೆಂಬುದು ನನ್ನ ಗುಮಾನಿ.

ಸಾವಿಗೆ ಇಪ್ಪತ್ತು ಜನ ಎಂದಿತ್ತು. 2021ರ ಮೇ ತಿಂಗಳಲ್ಲಿ ಇಪ್ಪತ್ತು ಎಂಬುದೂ ದೊಡ್ಡ ಸಂಖ್ಯೆಯಾಯಿತು. ಯಲ್ಲಾಪುರದ ಕಡೆ ಕೊಟ್ಟ ನಮ್ಮ ತಂಗಿಯ ಗಂಡ ಆ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡ. ತಂಗಿಗೂ ಜ್ವರ. ಮಗ ಅಮೆರಿಕೆಯಲ್ಲಿ. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು ಐವತ್ತು ಕಿಲೋಮೀಟರು. ಅಣ್ಣನೂ ನಾನೂ ಹೋಗಲಿಲ್ಲ. ಮನೆಯಲ್ಲಿ ಆಯಿ ಇದ್ದಳು. ನಾವು ಹೋಗಿ ಬಂದರೆ ಅವಳ ಗತಿ ಏನು? ಈ ತರ್ಕದಲ್ಲಿ ಒಂದು ಬಿರುಕನ್ನೂ ನಾನು ಇಂದಿಗೂ ಕಂಡಿಲ್ಲ, ಆದರೂ ಅದನ್ನು ತಂಗಿಯ ಎದುರಿಗೆ ಪೂರ್ತಿ ಹೇಳಿ ಮುಗಿಸಲು ನನ್ನಿಂದ ಆಗಿಲ್ಲ. ಸತ್ತ ಮನೆಗೆ ಹೋಗಿ ಮಾತನಾಡಿಸಿ ಬರುವುದು ಎಂದು ನಮ್ಮಲ್ಲಿ ಹೇಳುತ್ತಾರೆ. ಅಲ್ಲಿ ಹೋದವರು ಹೆಚ್ಚಾಗಿ ಮಾತನಾಡುವುದೇ ಇಲ್ಲ. ಕಂಬಕ್ಕೆ ಒರಗಿ ಕುಳಿತು, ಕವಳ ಹಾಕಿ, ಮಳೆ ಬೆಳೆ ಕೇಳಿ ಎದ್ದುಬರುತ್ತಾರೆ. ಆ ಕೂರುವಿಕೆಗೆ ಬದಲಿ ಎಂಬುದಿಲ್ಲ. ಫೋನಿನಲ್ಲಿ ಮೌನವಾಗಿದ್ದರೆ ನೆಟ್‌ವರ್ಕ್ ಹೋಯಿತೆಂದು ತಿಳಿಯುತ್ತಾರೆ.

ಸ್ವಂತ ಜಮೀನಿನಲ್ಲಿ ದಹನಕ್ಕೆ ಸರ್ಕಾರ ಆ ಹೊತ್ತಿಗೆ ಅನುಮತಿ ಕೊಟ್ಟಿತ್ತು. ತೋಟದ ಅಂಚಿನಲ್ಲಿ ಮೈದುನ ದೂರದಿಂದ ಬೆಂಕಿಯಿಟ್ಟ. ಕಟ್ಟಿಗೆ ಒಟ್ಟಿದವರು, ಶವವನ್ನು ಗಾಡಿಯಿಂದ ಇಳಿಸಿ ಹೊತ್ತವರು ನಾಲ್ಕು ಹುಡುಗರು. ಮೈತುಂಬ ಪ್ಲಾಸ್ಟಿಕಿನ ಅಂಗಿ, ಕಣ್ಣಿಗೆ ಕನ್ನಡಕ. ಬಂಧುಗಳು ಯಾರೂ ಅಲ್ಲ. ಆ ಪೋಷಾಕಿನಲ್ಲಿ ಜನಿವಾರವಿದ್ದರೂ ಕಾಣುವುದಿಲ್ಲ, ಇಲ್ಲದಿದ್ದರೂ ಕಾಣುವುದಿಲ್ಲ. ಹನ್ನೆರಡು ದಿನ ಕಳೆದ ಮೇಲೆ ಅಣ್ಣ ಫೋನಿನಲ್ಲಿ, "ಅವರು ಯಾರ ಪೈಕಿ?" ಎಂದು ಕೇಳಿದ. ಕೇಳಬಾರದೆಂದು ಅವನಿಗೆ ತಿಳಿದಿತ್ತು. ಅರವತ್ತು ವರ್ಷದ ಅಭ್ಯಾಸ ಬಾಯಿಯನ್ನು ಕೇಳಿಸಿತು. "ನಾನು ಕೇಳಲಿಲ್ಲ ಅಣ್ಣಾ, ನೀರು ಬೇಕಾ ಎಂದು ಕೇಳಿದೆ. ಬೇಡ ಎಂದರು, ಇನ್ನೊಂದು ಮನೆಗೆ ಹೋಗಬೇಕಿತ್ತಂತೆ" ಎಂದಳು ತಂಗಿ.

2022ರಲ್ಲಿ ವರ್ಷಾಂತಿಕಕ್ಕೆ ಅವಳು ಆ ನಾಲ್ವರನ್ನೂ ಹುಡುಕಿ ಕರೆದಳು. ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಂಗಳದ ತುಳಸಿಕಟ್ಟೆಯ ಹತ್ತಿರ ನಿಂತಿದ್ದರು. ಈಗ ಮುಖ ಕಾಣುತ್ತಿತ್ತು, ಹೆಸರು ಕೇಳಿದವರಿಗೆ ಉಳಿದದ್ದೂ ತಿಳಿಯಿತು. ಕ್ಷಣದ ಬ್ರಾಹ್ಮಣರ ಊಟವಾಗಿ ಬಂಧುಗಳ ಪಂಕ್ತಿಗೆ ಎಲೆ ಹಾಕುವ ಹೊತ್ತು. ಇವರಿಗೆ ಎಲ್ಲಿ? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬಾಳೆ ಎಲೆಯ ಕಟ್ಟು ಹಿಡಿದ ಮಾಣಿ ಒಳಜಗಲಿಯನ್ನೂ ಹೊರಗಿನ ಚಪ್ಪರವನ್ನೂ ನೋಡುತ್ತ ನಿಂತಿದ್ದ. ಪುರೋಹಿತರು ಪಂಚಾಂಗದಲ್ಲಿ ಏನನ್ನೋ ಹುಡುಕತೊಡಗಿದರು. ತಂಗಿ ಅಣ್ಣನನ್ನೇ ನೋಡುತ್ತಿದ್ದಳು. ಮನೆಗೆ ಹಿರಿಯ ಅವನು.

ಅಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಇದೇನು ನಿಂತಿದ್ದೀಯೋ? ಎಲ್ಲಾ ಎಲೆಯನ್ನೂ ಒಳಗೇ ಹಾಕು. ಆರು ಅಡಿ ಬಿಟ್ಟು ಬಿಟ್ಟು ಹಾಕು. ಸರ್ಕಾರದ ರೂಲ್ಸು ಇದೆಯೋ ಇಲ್ಲವೋ? ಯಾರ ಪಕ್ಕಕ್ಕೂ ಯಾರೂ ಕೂರುವುದು ಬೇಡ!" ಎಂದು ಗದರಿಸಿದ.

ಆರು ಅಡಿಗೊಂದು ಎಲೆ ಬಿದ್ದಿತು. ಪಂಕ್ತಿಯೆಂಬುದು ಅಳಿದು, ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತಿದ್ದಾರೆಂದು ಯಾರೂ ಹೇಳಲಾರದ ಹಾಗೆ, ಎಲ್ಲರೂ ಒಂದೇ ಜಗಲಿಯ ಮೇಲೆ ಉಣ್ಣಲು ಕುಳಿತರು. ಆ ಹೊತ್ತಿಗೆ ಅಂತರದ ನಿಯಮಗಳೆಲ್ಲ ಹೋಗಿ ಎರಡು ತಿಂಗಳಾಗಿತ್ತು. ಅಣ್ಣನಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಅವನು ದಿನಪತ್ರಿಕೆಯನ್ನು ತಲೆಬರಹದಿಂದ ಮುದ್ರಕರ ಹೆಸರಿನವರೆಗೆ ಓದುವ ಮನುಷ್ಯ. ವಡೆ ಸುಕ್ರುಂಡೆಗಳನ್ನು ತಾನೇ ಬಡಿಸುತ್ತೇನೆಂದು ಬುಟ್ಟಿ ಹಿಡಿದು ಹೊರಟ. ಎಲೆಯಿಂದ ಎಲೆಗೆ ಬಹಳ ದೂರ ನಡೆಯಬೇಕಾಗಿ ಬಂದು ಎರಡನೆಯ ಸುತ್ತಿಗೆ ಅವನಿಗೆ ದಮ್ಮು ಹತ್ತಿತು.